ಗುತ್ತಿಗೆ: ಒಂದೇ ಪದ, ಮೂರು ಬಗೆಯ ನೌಕರಿ

ತೋರಣಗಲ್ಲಿನಲ್ಲಿ ಪಾಳಿ ಮುಗಿಸಿ ಬಸ್ಸಿಗೆ ಕಾದು ನಿಂತವರನ್ನು ಎಲ್ಲಿ ಕೆಲಸವೆಂದು ಕೇಳಿದರೆ ‘ಕಂಪನಿಯಾಗ’ ಎನ್ನುತ್ತಾರೆ. ಖಾಯಂ ನೌಕರಿಯೇ ಎಂದು ಮತ್ತೆ ಕೇಳಿದರೆ ‘ಇಲ್ರಿ, ಗುತ್ತಿಗೆ’ ಎಂಬ ಉತ್ತರ ಬರುತ್ತದೆ. ಒಂದು ಕಾರ್ಖಾನೆಯಿಂದ ನೇರವಾಗಿ ಎರಡು ವರ್ಷದ ನೇಮಕಾತಿ ಪತ್ರ ಪಡೆದ ಕೊಪ್ಪಳದ ಡಿಪ್ಲೊಮಾ ಪದವೀಧರನೂ ತನ್ನದು ಗುತ್ತಿಗೆ ನೌಕರಿ ಎನ್ನುತ್ತಾನೆ. ರಾಯಚೂರಿನ ಯಾವುದೋ ಸರ್ಕಾರಿ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತ ಯುವತಿ ಹೇಳುವುದೂ ಅದನ್ನೇ. ಕನ್ನಡದಲ್ಲಿ ಈ ಮೂವರಿಗೂ ಒಂದೇ ಪದವಿದೆ, ಆದರೆ ಕಾನೂನಿನ ಕಣ್ಣಿಗೆ ಇವರು ಮೂರು ಬೇರೆ ಬೇರೆ ಸ್ಥಿತಿಯವರು. ಪಗಾರ ನಿಂತಾಗ ಯಾರನ್ನು ಕೇಳಬೇಕು, ಕೆಲಸ ಬಿಡುವಾಗ ಏನು ಸಿಗಬೇಕು, ಮುಂದೆ ಖಾಯಂ ಆಗುವ ದಾರಿ ಇದೆಯೋ ಇಲ್ಲವೋ ಎಂಬ ಪ್ರಶ್ನೆಗಳಿಗೆ ಒಬ್ಬೊಬ್ಬರಿಗೂ ಒಂದೊಂದು ಉತ್ತರ. ನಮ್ಮ ಭಾಗದಲ್ಲಿ ನೌಕರಿಯ ಕಾನೂನಿನ ಬಗ್ಗೆ ಇರುವ ಗೊಂದಲದ ದೊಡ್ಡ ಪಾಲು ಈ ಒಂದು ಪದದಿಂದಲೇ ಹುಟ್ಟಿದೆ ಎಂಬುದು ನನ್ನ ಅನಿಸಿಕೆ.

ಬಿಡಿಸಿ ಹೇಳುವ ಮೊದಲು ಒಂದು ಹಿನ್ನೆಲೆ ಬೇಕು. ಇಪ್ಪತ್ತೊಂಬತ್ತು ಕೇಂದ್ರ ಕಾರ್ಮಿಕ ಕಾಯ್ದೆಗಳನ್ನು ಒಟ್ಟುಗೂಡಿಸಿ ಸಂಸತ್ತು ನಾಲ್ಕು ಸಂಹಿತೆಗಳನ್ನು ರೂಪಿಸಿತು: 2019ರ ವೇತನ ಸಂಹಿತೆ, ಮತ್ತು 2020ರಲ್ಲಿ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ, ಸಾಮಾಜಿಕ ಭದ್ರತಾ ಸಂಹಿತೆ, ಔದ್ಯೋಗಿಕ ಸುರಕ್ಷತೆ, ಆರೋಗ್ಯ ಹಾಗೂ ಕೆಲಸದ ಸ್ಥಿತಿಗತಿಗಳ ಸಂಹಿತೆ. ಇವು ವರ್ಷಗಟ್ಟಲೆ ಕಾಗದದ ಮೇಲೆಯೇ ಉಳಿದಿದ್ದು, 2025ರ ನವೆಂಬರ್ 21ರಂದು ಜಾರಿಗೆ ಬಂದವು. ಹಳೆಯ ಕಾಯ್ದೆಗಳ ಅಡಿಯ ನಿಯಮಗಳು ಹೊಸದಕ್ಕೆ ವಿರುದ್ಧವಾಗದಷ್ಟು ಮಟ್ಟಿಗೆ ಸದ್ಯಕ್ಕೆ ಮುಂದುವರಿಯುತ್ತವೆ. ಆದ್ದರಿಂದ ಕಾರ್ಖಾನೆಯ ಎಚ್‌ಆರ್ ವಿಭಾಗದವರು ಇನ್ನೂ ಹಳೆಯ ಕಾಯ್ದೆಯ ಹೆಸರನ್ನೇ ಹೇಳಿದರೆ ಅದನ್ನು ಪೂರ್ತಿ ತಪ್ಪೆಂದು ತಿಳಿಯಬೇಕಾಗಿಲ್ಲ.

ಮೊದಲನೆಯದು ಗುತ್ತೇದಾರನ ಮೂಲಕ ಮಾಡುವ ಕೆಲಸ. ಇಲ್ಲಿ ಇಬ್ಬರು ಮಾಲೀಕರಿರುತ್ತಾರೆ. ಕೆಲಸಕ್ಕೆ ತೆಗೆದುಕೊಂಡು ಪಗಾರ ಕೊಡುವವನು ಗುತ್ತೇದಾರ. ಆ ಕೆಲಸ ಯಾರ ಜಾಗದಲ್ಲಿ, ಯಾರ ಸಲುವಾಗಿ ನಡೆಯುತ್ತದೆಯೋ ಆ ಕಂಪನಿ ಕಾನೂನಿನ ಭಾಷೆಯಲ್ಲಿ ಪ್ರಧಾನ ಮಾಲೀಕ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಇಪ್ಪತ್ತು ಅಥವಾ ಹೆಚ್ಚು ಗುತ್ತಿಗೆ ಕಾರ್ಮಿಕರಿದ್ದ ಕಡೆ ಅನ್ವಯಿಸುತ್ತಿತ್ತು. ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ ಆ ಸಂಖ್ಯೆಯನ್ನು ಐವತ್ತಕ್ಕೆ ಏರಿಸಿದೆ. ಇದು ಕಾರ್ಮಿಕರಿಗೆ ಹಿನ್ನಡೆಯೇ ಸರಿ, ಏಕೆಂದರೆ ಸಣ್ಣ ಗುತ್ತೇದಾರರ ಕೈಕೆಳಗೆ ಮೂವತ್ತು ನಲವತ್ತು ಜನ ದುಡಿಯುವುದು ನಮ್ಮಲ್ಲಿ ಸಾಮಾನ್ಯ. ಆದರೂ ಪಗಾರದ ಮಟ್ಟಿಗೆ ಅವರು ಅನಾಥರಲ್ಲ. ಗುತ್ತೇದಾರ ಪಗಾರ ಕೊಡದೆ ಕೈಯೆತ್ತಿದರೆ ಅದನ್ನು ಕೊಡುವ ಹೊಣೆ ಪ್ರಧಾನ ಮಾಲೀಕನದು, ಕೊಟ್ಟ ಹಣವನ್ನು ಅವನು ಗುತ್ತೇದಾರನ ಬಿಲ್ಲಿನಿಂದ ಮುರಿದುಕೊಳ್ಳಬಹುದು ಎಂಬ ತತ್ತ್ವ ಹಳೆಯ ಕಾಯ್ದೆಯಲ್ಲಿಯೂ ಇತ್ತು, ಹೊಸ ಸಂಹಿತೆಯಲ್ಲಿಯೂ ಇದೆ. ಇದಲ್ಲದೆ ವೇತನ ಸಂಹಿತೆ, ನೇಮಿಸಿಕೊಂಡವನು ವೇತನ ಕೊಡದಿದ್ದರೆ ಆ ಸಂಸ್ಥೆಯ ಒಡೆತನ ಯಾರದೋ ಅವರೇ ಕೊಡಬೇಕೆಂದು, ಕಾರ್ಮಿಕರ ಸಂಖ್ಯೆಯ ಮಾತೇ ಎತ್ತದೆ ಹೇಳುತ್ತದೆ. ‘ನಿಮ್ಮ ಗುತ್ತೇದಾರನನ್ನು ಕೇಳಿ, ನಮಗೆ ಸಂಬಂಧವಿಲ್ಲ’ ಎಂದು ಗೇಟಿನಲ್ಲಿ ಹೇಳುವ ಮಾತಿಗೆ ಕಾನೂನಿನ ಬೆಂಬಲವಿಲ್ಲ.

ಹಾಗಿದ್ದರೆ ಕಂಪನಿ ಇವರನ್ನು ತನ್ನವರೆಂದು ಏಕೆ ಒಪ್ಪಿಕೊಳ್ಳುವುದಿಲ್ಲ? ಇದರ ಹಿಂದೆ ಒಂದು ತೀರ್ಪಿನ ಕತೆ ಇದೆ. ಗುತ್ತಿಗೆ ಪದ್ಧತಿ ರದ್ದಾದ ಮಾತ್ರಕ್ಕೆ ಅಲ್ಲಿದ್ದ ಕಾರ್ಮಿಕರು ತಾವಾಗಿಯೇ ಕಂಪನಿಯ ಖಾಯಂ ನೌಕರರಾಗುವುದಿಲ್ಲವೆಂದು 2001ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಅದೇ ತೀರ್ಪು ಇನ್ನೊಂದು ಬಾಗಿಲನ್ನು ತೆರೆದಿಟ್ಟಿತು: ಗುತ್ತಿಗೆ ಬರೀ ತೋರಿಕೆಯದಾಗಿದ್ದು, ಗುತ್ತೇದಾರ ಹೆಸರಿಗೆ ಮಾತ್ರ ಇದ್ದರೆ, ಪರದೆ ಸರಿಸಿ ನಿಜವಾದ ಮಾಲೀಕ ಯಾರೆಂದು ಕೈಗಾರಿಕಾ ನ್ಯಾಯಮಂಡಳಿ ನಿರ್ಧರಿಸಬಹುದು. ಯಾರು ನೇಮಿಸಿದರು, ರಜೆ ಯಾರು ಕೊಡುತ್ತಾರೆ, ತಪ್ಪಿಗೆ ಶಿಕ್ಷೆ ಯಾರು ವಿಧಿಸುತ್ತಾರೆ, ದಿನದ ಕೆಲಸವನ್ನು ಯಾರು ಹಂಚುತ್ತಾರೆ, ಯಾರ ನಿಯಂತ್ರಣ ಎಷ್ಟಿದೆ ಎಂಬುದನ್ನೆಲ್ಲ ಅಲ್ಲಿ ನೋಡುತ್ತಾರೆ. ಎಚ್ಚರವಿರುವ ಎಚ್‌ಆರ್ ಅಧಿಕಾರಿ ತನ್ನ ಸೂಪರ್‌ವೈಸರ್‌ಗಳಿಗೆ ‘ಗುತ್ತಿಗೆಯವರ ರಜೆ ಚೀಟಿಗೆ ನೀವು ಸಹಿ ಹಾಕಬೇಡಿ, ಏನೇ ಹೇಳುವುದಿದ್ದರೂ ಅವರ ಮೇಸ್ತ್ರಿಗೆ ಹೇಳಿ’ ಎಂದು ಮತ್ತೆ ಮತ್ತೆ ತಾಕೀತು ಮಾಡುವುದು ಈ ಕಾರಣಕ್ಕೆ. ಹೊರಗಿನವರಿಗೆ ಅದು ಅಹಂಕಾರದಂತೆ ಕಾಣುತ್ತದೆ. ನಿಜವಾಗಿ ಅದು ನ್ಯಾಯಮಂಡಳಿಯ ಭಯ.

ಹೊಸ ಸಂಹಿತೆ ಇದಕ್ಕೆ ಇನ್ನೊಂದು ಗೆರೆ ಸೇರಿಸಿದೆ. ಸಂಸ್ಥೆಯ ಮುಖ್ಯ ಚಟುವಟಿಕೆಗೆ ಗುತ್ತಿಗೆ ಕಾರ್ಮಿಕರನ್ನು ಬಳಸುವಂತಿಲ್ಲ. ಕಸ ಗುಡಿಸುವುದು, ಕ್ಯಾಂಟೀನು, ಕಾವಲು, ಲೋಡಿಂಗ್ ಅನ್‌ಲೋಡಿಂಗ್, ತೋಟದ ಕೆಲಸ ಮುಂತಾದವು ಸಾಮಾನ್ಯವಾಗಿ ಮುಖ್ಯ ಚಟುವಟಿಕೆಯಲ್ಲ. ಉಕ್ಕಿನ ಕಾರ್ಖಾನೆಯ ಕುಲುಮೆಯ ಎದುರಿನ ಕೆಲಸ ಮುಖ್ಯ ಚಟುವಟಿಕೆ ಎಂದು ಯಾರಿಗಾದರೂ ಹೊಳೆಯುತ್ತದೆ. ಆದರೆ ವಿನಾಯಿತಿಗಳೂ ಇವೆ: ಆ ಬಗೆಯ ಉದ್ಯಮದಲ್ಲಿ ಆ ಕೆಲಸ ಸಾಮಾನ್ಯವಾಗಿ ಗುತ್ತಿಗೆಯಲ್ಲಿಯೇ ನಡೆಯುತ್ತಿದ್ದರೆ, ಅಥವಾ ಇಡೀ ದಿನದ ಆಳು ಬೇಕಾಗದಿದ್ದರೆ, ಅಥವಾ ಕೆಲಸ ಇದ್ದಕ್ಕಿದ್ದಂತೆ ಹೆಚ್ಚಿದರೆ ಗುತ್ತಿಗೆಗೆ ಅವಕಾಶವುಂಟು. ಮೊದಲನೆಯ ವಿನಾಯಿತಿ ಎಷ್ಟು ಅಗಲವಾಗಿದೆಯೆಂದರೆ, ನಿಷೇಧವನ್ನೇ ಅದರೊಳಗೆ ನಡೆಸಿಕೊಂಡು ಹೋಗಬಹುದು.

ಎರಡನೆಯದು ನಿಗದಿತ ಅವಧಿಯ ನೌಕರಿ. ಕೊಪ್ಪಳದ ಆ ಡಿಪ್ಲೊಮಾ ಪದವೀಧರ ಈ ಗುಂಪಿಗೆ ಸೇರಿದವನು. ಇವನ ಮತ್ತು ಕಂಪನಿಯ ನಡುವೆ ಗುತ್ತೇದಾರನಿಲ್ಲ, ಒಪ್ಪಂದ ನೇರವಾಗಿದೆ. ಅದರಲ್ಲಿ ಮುಗಿಯುವ ದಿನಾಂಕವೊಂದು ಬರೆದಿರುತ್ತದೆ, ಅಷ್ಟೇ. ಅದೇ ಕೆಲಸ ಮಾಡುವ ಖಾಯಂ ನೌಕರನಿಗಿಂತ ಇವನ ಕೆಲಸದ ಗಂಟೆ, ವೇತನ, ಭತ್ಯೆಗಳು ಕಡಿಮೆ ದರ್ಜೆಯದಾಗಿರಬಾರದೆಂದು ಸಂಹಿತೆ ಹೇಳುತ್ತದೆ. ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಸಿಗುವ ಇಡಿಗಂಟಾದ ಗ್ರಾಚ್ಯುಟಿಗೆ ಇತರರು ಐದು ವರ್ಷ ಕಾಯಬೇಕು, ಇವನಿಗೆ ಒಂದು ವರ್ಷ ಸಾಕು. ಇದರ ಬದಲಿಗೆ ಅವನು ಬಿಟ್ಟುಕೊಡುವುದೂ ಒಂದಿದೆ. ಅವಧಿ ಮುಗಿದು ಒಪ್ಪಂದ ನವೀಕರಣವಾಗದಿದ್ದರೆ ಅದನ್ನು ಕೆಲಸದಿಂದ ತೆಗೆದುಹಾಕಿದಂತೆ ಕಾನೂನು ಪರಿಗಣಿಸುವುದಿಲ್ಲ, ಆದ್ದರಿಂದ ಅದಕ್ಕೆ ಪರಿಹಾರವಿಲ್ಲ.

ಮೂರನೆಯದು ಸರ್ಕಾರಿ ಕಚೇರಿಗಳಲ್ಲಿನ ಗುತ್ತಿಗೆ ಮತ್ತು ಹೊರಗುತ್ತಿಗೆ. ಇಲ್ಲಿ ಕಾರ್ಮಿಕ ಕಾನೂನಿನ ಜೊತೆಗೆ ಸಂವಿಧಾನವೂ ಅಡ್ಡ ಬರುತ್ತದೆ. ಎಲ್ಲರಿಗೂ ಅರ್ಜಿ ಹಾಕುವ ಅವಕಾಶ ಕೊಟ್ಟು, ನಿಯಮದಂತೆ ಆಯ್ಕೆ ಮಾಡದೆ ಸರ್ಕಾರಿ ಹುದ್ದೆ ಕೊಡುವಂತಿಲ್ಲ. ದಿನಗೂಲಿ ನೌಕರರ ವಿಚಾರದಲ್ಲಿ ಕರ್ನಾಟಕದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರ ಏಪ್ರಿಲ್ 10ರಂದು, ಎಷ್ಟು ವರ್ಷ ದುಡಿದರೂ ಅದೊಂದರಿಂದಲೇ ಖಾಯಮಾತಿಯ ಹಕ್ಕು ಹುಟ್ಟುವುದಿಲ್ಲವೆಂದಿತು. ಮಂಜೂರಾದ ಹುದ್ದೆಗಳಲ್ಲಿ ನ್ಯಾಯಾಲಯದ ಆದೇಶದ ನೆರವಿಲ್ಲದೆ ಹತ್ತು ವರ್ಷ ಮೀರಿ ದುಡಿದವರನ್ನು ಒಮ್ಮೆಗೆ ಮಾತ್ರ ಪರಿಗಣಿಸಬಹುದೆಂಬ ಕಿಟಕಿಯನ್ನೂ ಇಟ್ಟಿತು. ಖಾಯಂ ಆಗದಿದ್ದರೂ ಪಗಾರದ ಪ್ರಶ್ನೆ ಬೇರೆ. ಖಾಯಂ ನೌಕರರಷ್ಟೇ ಮತ್ತು ಅವರಂತಹದೇ ಕೆಲಸ ಮಾಡುವ ತಾತ್ಕಾಲಿಕ ನೌಕರರಿಗೆ ಆ ಹುದ್ದೆಯ ವೇತನಶ್ರೇಣಿಯ ಕನಿಷ್ಠ ಮೊತ್ತ ಸಲ್ಲಬೇಕೆಂದು 2016ರಲ್ಲಿ ಪಂಜಾಬಿನ ಜಗಜೀತ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿದೆ. ಇನ್ನು 371ಜೆ ವಿಧಿಯನ್ನು ನಮ್ಮ ಕಡೆ ಎಲ್ಲ ನೌಕರಿಗೂ ಮಂತ್ರದಂತೆ ಪಠಿಸುವುದುಂಟು. ಅದು ಕಲ್ಯಾಣ ಕರ್ನಾಟಕದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಮತ್ತು ಶಿಕ್ಷಣದಲ್ಲಿ ಕೊಟ್ಟ ಮೀಸಲಾತಿ. ಖಾಸಗಿ ಕಾರ್ಖಾನೆಯ ಗೇಟನ್ನು ಅದು ತೆರೆಯುವುದಿಲ್ಲ.

ಈ ಮೂರರಲ್ಲಿ ಯಾವುದಕ್ಕೂ ಸರಿಯಾಗಿ ಹೊಂದದೆ ಉಳಿಯುವವರು ಬಳ್ಳಾರಿಯ ಜೀನ್ಸ್ ಹೊಲಿಗೆಯವರು. ಪೀಸಿಗೆ ಇಷ್ಟು ಎಂದು ಲೆಕ್ಕ, ವಾರಕ್ಕೊಮ್ಮೆ ಬಟವಾಡೆ, ನಡುವೆ ಒಂದಿಷ್ಟು ಮುಂಗಡ. ಪೀಸ್ ಲೆಕ್ಕದವರಿಗೆ ಕಾನೂನಿಲ್ಲವೆಂಬ ನಂಬಿಕೆ ಅಲ್ಲಿ ಗಟ್ಟಿಯಾಗಿದೆ, ಆದರೆ ಅದು ಸರಿಯಲ್ಲ. ಪೀಸಿನ ಲೆಕ್ಕದಲ್ಲಿ ದುಡಿದರೂ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ. ಕಾರ್ಮಿಕರ ವಿಮೆಯಾದ ಇಎಸ್‌ಐ ಹತ್ತು ಜನರಿಂದ, ಭವಿಷ್ಯನಿಧಿಯಾದ ಪಿಎಫ್ ಇಪ್ಪತ್ತು ಜನರಿಂದ ಅನ್ವಯವಾಗುತ್ತದೆ. ಹಾಗಾಗಿ ಒಬ್ಬನೇ ಮಾಲೀಕ ಅಣ್ಣನ ಹೆಸರಿನಲ್ಲೊಂದು, ಹೆಂಡತಿಯ ಹೆಸರಿನಲ್ಲೊಂದು ಘಟಕ ತೋರಿಸಿ ಎಲ್ಲಿಯೂ ಇಪ್ಪತ್ತು ಮುಟ್ಟದಂತೆ ನೋಡಿಕೊಂಡರೆ, ಅವೆಲ್ಲ ಒಂದೇ ಸಂಸ್ಥೆಯೋ ಅಲ್ಲವೋ ಎಂಬುದನ್ನು ಅಧಿಕಾರಿಗಳು ಒಡೆತನ, ಹಣಕಾಸು, ಆಡಳಿತಗಳ ಒಂದುತನವನ್ನು ನೋಡಿ ತೀರ್ಮಾನಿಸುತ್ತಾರೆ. ಬೋರ್ಡು ಎಷ್ಟಿವೆ ಎಂದಲ್ಲ.

ಇನ್ನು ಎಲ್ಲರ ಕೈಗೂ ಬರಬೇಕಾದ ಪಗಾರದ ಚೀಟಿಗೆ ಬರೋಣ. ತಿಂಗಳ ಪಗಾರ ಮುಂದಿನ ತಿಂಗಳ ಏಳನೆಯ ತಾರೀಖಿನೊಳಗೆ ಸಿಗಬೇಕು. ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ ಬಾಕಿ ಪಗಾರವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. ಯಾವ ಕಾರಣಕ್ಕೇ ಆಗಲಿ, ಕಡಿತಗಳೆಲ್ಲ ಸೇರಿ ಪಗಾರದ ಅರ್ಧವನ್ನು ಮೀರುವಂತಿಲ್ಲ. ಹೆಚ್ಚುವರಿ ಗಂಟೆಯ ಕೆಲಸಕ್ಕೆ ಎರಡು ಪಟ್ಟು ದರ. ಓಟಿಗೆ ಒಂದೇ ಪಟ್ಟು ಕೊಟ್ಟು ಉಳಿದದ್ದಕ್ಕೆ ಚಹಾ ಕುಡಿಸುವ ವಾಡಿಕೆಗೆ ಕಾನೂನಿನಲ್ಲಿ ಜಾಗವಿಲ್ಲ. ನೇಮಕಾತಿ ಪತ್ರ ಕೊಡುವುದು ಈಗ ಕಡ್ಡಾಯ. ಹಣ ಬ್ಯಾಂಕಿಗೆ ಹೋಗಿ, ಎಟಿಎಂ ಕಾರ್ಡು ಮಾತ್ರ ಗುತ್ತೇದಾರನ ಕಿಸೆಯಲ್ಲಿರುವ ಉದಾಹರಣೆಗಳನ್ನು ನಾನೇ ಕಂಡಿದ್ದೇನೆ. ಅಂಥ ಕಡೆ ದಾಖಲೆಯಲ್ಲಿ ಎಲ್ಲವೂ ಸರಿಯಾಗಿರುತ್ತದೆ, ಆದ್ದರಿಂದ ತಪಾಸಣೆಗೆ ಬಂದವರಿಗೆ ಏನೂ ಸಿಗುವುದಿಲ್ಲ. ಕಾರ್ಡನ್ನು ಕೊಡದಿರುವುದೊಂದೇ ಅಲ್ಲಿ ಕಾರ್ಮಿಕನ ಕೈಯಲ್ಲಿರುವ ರಕ್ಷಣೆ.

ಹೊಸ ಸಂಹಿತೆಗಳಲ್ಲಿ ಹೆಚ್ಚು ಚರ್ಚೆಯಾಗಿರುವುದು ವೇತನ ಎಂಬುದರ ವ್ಯಾಖ್ಯೆ. ಮೂಲವೇತನವನ್ನು ಸಣ್ಣದಾಗಿಟ್ಟು, ಮನೆ ಬಾಡಿಗೆ, ಪ್ರಯಾಣ ಭತ್ಯೆಗಳೆಂದು ಉಳಿದದ್ದನ್ನು ಹಿಗ್ಗಿಸಿದರೆ ಪಿಎಫ್, ಗ್ರಾಚ್ಯುಟಿಗಳ ಹೊರೆ ಇಳಿಯುತ್ತದೆ. ಇದು ಎಚ್‌ಆರ್ ವಿಭಾಗಗಳ ಹಳೆಯ ಉಪಾಯ. ಈಗ ಅಂಥ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ದಾಟಿದರೆ, ದಾಟಿದಷ್ಟನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಾಕಬೇಕು. ಒಬ್ಬನ ಒಟ್ಟು ಸಂಭಾವನೆ 32,000 ರೂಪಾಯಿ ಎಂದುಕೊಳ್ಳೋಣ. ಅದರಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 14,000, ಮನೆ ಬಾಡಿಗೆ 10,000, ಪ್ರಯಾಣ ಭತ್ಯೆ 8,000. ಹೊರಗಿಟ್ಟ ಭತ್ಯೆಗಳ ಮೊತ್ತ 18,000. ಅರ್ಧ ಎಂದರೆ 16,000. ಮೀರಿದ 2,000 ವೇತನಕ್ಕೆ ಸೇರಿ ಅದು 16,000 ಆಗುತ್ತದೆ. ಗ್ರಾಚ್ಯುಟಿಯ ಲೆಕ್ಕ ವರ್ಷಕ್ಕೆ ಹದಿನೈದು ದಿನದ ವೇತನ, ತಿಂಗಳನ್ನು ಇಪ್ಪತ್ತಾರು ದಿನವೆಂದು ಹಿಡಿದು. ಆರು ವರ್ಷ ದುಡಿದವನಿಗೆ ಮೊದಲಿನ ಲೆಕ್ಕದಲ್ಲಿ ಸುಮಾರು 48,460 ರೂಪಾಯಿ ಬರುತ್ತಿದ್ದರೆ ಈಗ ಸುಮಾರು 55,380 ಬರುತ್ತದೆ. ಇದರ ಮತ್ತೊಂದು ಮುಖವೆಂದರೆ, ಪಿಎಫ್ ಕಡಿತ ಹೆಚ್ಚಿದಲ್ಲಿ ತಿಂಗಳಿಗೆ ಕೈಗೆ ಬರುವ ಹಣ ತುಸು ತಗ್ಗಬಹುದು. ಮನೆಯಲ್ಲಿ ಅದರ ವಿವರಣೆ ಕೊಡುವುದು ಗ್ರಾಚ್ಯುಟಿಯ ಲೆಕ್ಕಕ್ಕಿಂತ ಕಷ್ಟ.

ಪಿಎಫ್‌ನಲ್ಲಿ ನೌಕರನ ಪಾಲು ವೇತನದ ಶೇಕಡ 12, ಮಾಲೀಕನದೂ ಅಷ್ಟೇ. ಮಾಲೀಕನ ಪಾಲಿನಲ್ಲಿ ಶೇಕಡ 8.33 ಪಿಂಚಣಿ ನಿಧಿಗೆ ಹೋಗಿ ಉಳಿದ 3.67 ಮಾತ್ರ ಖಾತೆಗೆ ಬೀಳುವುದರಿಂದ, ಪಾಸ್‌ಬುಕ್ ತೆರೆದವರು ಮಾಲೀಕ ಮೋಸ ಮಾಡಿದನೆಂದು ಗಾಬರಿಯಾಗುವುದುಂಟು, ಅದು ಮೋಸವಲ್ಲ. ಮೋಸವಾಗುವುದು ಚೀಟಿಯಲ್ಲಿ ಕಡಿತ ತೋರಿಸಿ ಹಣ ಕಟ್ಟದಿದ್ದಾಗ. ಅದು ಬರೀ ಬಾಕಿಯಲ್ಲ, ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ನಂಬಿಕೆ ದ್ರೋಹದ ಅಪರಾಧ. ಗುತ್ತೇದಾರ ಕಟ್ಟದಿದ್ದರೆ ಇಲ್ಲಿಯೂ ಹೊಣೆ ಪ್ರಧಾನ ಮಾಲೀಕನಿಗೆ ಬರುತ್ತದೆ. ಪಿಎಫ್ ಖಾತೆಗಳನ್ನು ಒಂದಕ್ಕೊಂದು ಜೋಡಿಸುವ ಯುಎಎನ್ ಸಂಖ್ಯೆ ಕಾರ್ಮಿಕನದೇ ಹೊರತು ಗುತ್ತೇದಾರನದಲ್ಲ. ಟೆಂಡರು ಬದಲಾಗಿ ಹೊಸ ಗುತ್ತೇದಾರ ಬಂದಾಗಲೂ ಅದೇ ಸಂಖ್ಯೆ ಮುಂದುವರಿಯಬೇಕು. ಪ್ರತಿ ಸಲ ಹೊಸ ಸಂಖ್ಯೆ ಮಾಡಿಸಿಕೊಂಡವರು ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆಯನ್ನು ತುಂಡು ತುಂಡಾಗಿ ಕಳೆದುಕೊಳ್ಳುತ್ತಾರೆ. ಪಿಎಫ್ ಸದಸ್ಯ ಸೇವೆಯಲ್ಲಿದ್ದಾಗ ತೀರಿಕೊಂಡರೆ ಕುಟುಂಬಕ್ಕೆ ಗರಿಷ್ಠ 7 ಲಕ್ಷ ರೂಪಾಯಿವರೆಗೆ ವಿಮೆ ಇದೆ, ಅದಕ್ಕೆ ನೌಕರನಿಂದ ಒಂದು ಪೈಸೆಯೂ ಕಡಿತವಾಗುವುದಿಲ್ಲ. ಸಾವಿನ ಮನೆಯಲ್ಲಿ ಇದನ್ನು ತಿಳಿಸುವವರೇ ಇರುವುದಿಲ್ಲ.

ಇಎಸ್‌ಐ ತಿಂಗಳಿಗೆ 21,000 ರೂಪಾಯಿವರೆಗಿನ ವೇತನದವರಿಗೆ. ನೌಕರನ ಪಾಲು ಶೇಕಡ 0.75, ಮಾಲೀಕನದು 3.25. ಬರೀ ಔಷಧಿಗಾಗಿ ಇರುವ ಯೋಜನೆಯೆಂದು ಇದನ್ನು ತಿಳಿದವರು ಹೆಚ್ಚು. ಕಾಯಿಲೆಯಿಂದ ಮನೆಯಲ್ಲಿ ಕೂತ ದಿನಗಳಿಗೆ ಶೇಕಡ 70ರಂತೆ ವರ್ಷಕ್ಕೆ 91 ದಿನದವರೆಗೆ, ಕೆಲಸದಲ್ಲಿ ಗಾಯವಾಗಿ ತಾತ್ಕಾಲಿಕವಾಗಿ ದುಡಿಯಲಾಗದಿದ್ದರೆ ಶೇಕಡ 90ರಂತೆ ನಗದು ಸಿಗುತ್ತದೆ. ಹೆರಿಗೆಗೆ 26 ವಾರ ಪೂರ್ಣ ವೇತನ. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವನ್ನೂ, ಕೆಲಸಕ್ಕೂ ಅದಕ್ಕೂ ನಂಟಿದ್ದರೆ, ಕೆಲಸದ ಅಪಘಾತವೆಂದೇ ಕಾನೂನು ಪರಿಗಣಿಸುತ್ತದೆ. ಸುತ್ತಲಿನ ಹಳ್ಳಿಗಳಿಂದ ಅದಿರಿನ ಲಾರಿಗಳ ನಡುವೆ ನಸುಕಿನಲ್ಲಿ ಬೈಕಿನ ಮೇಲೆ ಬರುವವರಿಗೆ ಇದರ ಬೆಲೆ ಗೊತ್ತು.

ಕೆಲಸದಿಂದ ತೆಗೆಯುವ ವಿಷಯದಲ್ಲಿ ಎರಡು ಸಂಗತಿಗಳನ್ನು ಬೇರೆ ಮಾಡಬೇಕು. ತಪ್ಪು ಮಾಡಿದನೆಂದು ತೆಗೆಯುವುದಾದರೆ ಆರೋಪಪಟ್ಟಿ ಕೊಟ್ಟು, ಉತ್ತರ ಪಡೆದು, ವಿಚಾರಣೆ ನಡೆಸಿ, ತನ್ನ ಪರವಾಗಿ ಮಾತನಾಡಲು ಅವನಿಗೆ ಅವಕಾಶ ಕೊಡಬೇಕು. ವಿಚಾರಣೆಗಾಗಿ ಅಮಾನತಿನಲ್ಲಿಟ್ಟರೆ ಮೊದಲ 90 ದಿನ ಅರ್ಧ ವೇತನ, ಅನಂತರವೂ ವಿಳಂಬವಾದರೆ, ಅದಕ್ಕೆ ನೌಕರನೇ ಕಾರಣನಲ್ಲದಿದ್ದರೆ, ಮುಕ್ಕಾಲು ವೇತನ ಜೀವನಾಧಾರವಾಗಿ ಸಲ್ಲಬೇಕು. ಕೆಲಸವಿಲ್ಲವೆಂದು ತೆಗೆಯುವುದಾದರೆ, ಒಂದು ವರ್ಷದ ನಿರಂತರ ಸೇವೆ ಮಾಡಿದವನಿಗೆ ಒಂದು ತಿಂಗಳ ನೋಟಿಸು ಅಥವಾ ಅದರ ಬದಲಿಗೆ ವೇತನ, ಜೊತೆಗೆ ವರ್ಷಕ್ಕೆ ಹದಿನೈದು ದಿನದ ಸರಾಸರಿ ವೇತನ ಕೊಡಬೇಕು. ಸಾಮಾನ್ಯವಾಗಿ ಕಡೆಗೆ ಸೇರಿದವನು ಮೊದಲು ಹೊರಡಬೇಕು. ಹನ್ನೆರಡು ತಿಂಗಳಲ್ಲಿ 240 ದಿನ, ಗಣಿಯ ನೆಲದಡಿ ದುಡಿಯುವವರಿಗೆ 190 ದಿನ ಕೆಲಸ ಮಾಡಿದ್ದರೆ ಅದು ವರ್ಷದ ಸೇವೆ. ಹಟ್ಟಿಯ ಚಿನ್ನದ ಗಣಿಯಂಥ ಕಡೆ ಈ ವ್ಯತ್ಯಾಸ ಮುಖ್ಯ. ಕಾರ್ಖಾನೆ, ಗಣಿ, ತೋಟಗಳಲ್ಲಿ ಹೀಗೆ ತೆಗೆಯಲು ಸರ್ಕಾರದ ಅನುಮತಿ ಬೇಕಾಗುವ ಮಿತಿ ಮೊದಲು 100 ಕಾರ್ಮಿಕರಾಗಿತ್ತು, ಈಗ 300.

ಈ 240 ದಿನಗಳನ್ನು ತೋರಿಸುವ ಹೊರೆ ಮೊದಲಿಗೆ ಕಾರ್ಮಿಕನ ಮೇಲೆಯೇ ಬೀಳುತ್ತದೆ. 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟು ನಿಲ್ಲಿಸಿದಾಗ ನೋಟಿಸು, ಪರಿಹಾರ ಎಂಬ ಪ್ರಶ್ನೆಗಳು ಯಾವುದಾದರೂ ಪುಸ್ತಕದಲ್ಲಿ ಹೆಸರಿದ್ದವರಿಗೆ ಮಾತ್ರ ಅರ್ಥಪೂರ್ಣವಾಗಿದ್ದವು. ಲಾರಿಗೆ ತಾಡಪಾಲು ಕಟ್ಟುತ್ತಿದ್ದವನ ಹಾಜರಿ ಯಾರು ಬರೆದಿದ್ದರು? ನಾನು ಒಂದು ಕಾರ್ಖಾನೆಯ ಎಚ್‌ಆರ್ ವಿಭಾಗದಲ್ಲಿ ಹೊಸದಾಗಿ ಸೇರಿದ್ದಾಗ, ಸೇರುವ ದಿನವೇ ಕಾರ್ಮಿಕರಿಂದ ಖಾಲಿ ಹಾಳೆಯ ಮೇಲೆ ಸಹಿ ಪಡೆದಿಟ್ಟುಕೊಳ್ಳುವ ಗುತ್ತೇದಾರನೊಬ್ಬನಿದ್ದ. ಮೂರು ವರ್ಷದ ನಂತರ ಆ ಹಾಳೆಗಳು ರಾಜೀನಾಮೆ ಪತ್ರಗಳಾದವು. ರಾಜೀನಾಮೆ ಕೊಟ್ಟವನಿಗೆ ನೋಟಿಸೂ ಇಲ್ಲ, ಪರಿಹಾರವೂ ಇಲ್ಲ. ಆಗ ನಾನು ಸುಮ್ಮನಿದ್ದೆ.

ದೂರು ಕೊಡುವ ಹಂತಕ್ಕೆ ಬಂದರೆ ಮೊದಲು ನೋಡಬೇಕಾದುದು ಕೆಲಸ ಎಲ್ಲಿಯದೆಂದು. ಸಂಡೂರಿನ ಅದಿರು ಗಣಿಯಾಗಲಿ ಹಟ್ಟಿಯ ಗಣಿಯಾಗಲಿ, ಗಣಿಗಳು ಕೇಂದ್ರ ಸರ್ಕಾರದ ಕಾರ್ಮಿಕ ಆಯುಕ್ತರ ವ್ಯಾಪ್ತಿಗೆ ಬರುತ್ತವೆ. ಗಂಗಾವತಿಯ ಅಕ್ಕಿ ಗಿರಣಿ, ಬಳ್ಳಾರಿಯ ಹೊಲಿಗೆ ಘಟಕಗಳು ರಾಜ್ಯದ ಕಾರ್ಮಿಕ ಇಲಾಖೆಯವು. ಅದರ ಕಚೇರಿ ಜಿಲ್ಲಾ ಕೇಂದ್ರದಲ್ಲಿದೆ. ಪಿಎಫ್ ದೂರು ಭವಿಷ್ಯನಿಧಿ ಕಚೇರಿಗೆ. ಲೈಂಗಿಕ ಕಿರುಕುಳದ ದೂರು, ಹತ್ತು ಅಥವಾ ಹೆಚ್ಚು ನೌಕರರಿದ್ದಲ್ಲಿ ಸಂಸ್ಥೆಯ ಆಂತರಿಕ ಸಮಿತಿಗೆ, ಅದಕ್ಕಿಂತ ಕಡಿಮೆ ಇದ್ದಲ್ಲಿ ಅಥವಾ ಮಾಲೀಕನ ಮೇಲೆಯೇ ದೂರಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ, ಸಾಮಾನ್ಯವಾಗಿ ಮೂರು ತಿಂಗಳೊಳಗೆ. ವೇತನದ ಬಾಕಿಗೆ ಮೂರು ವರ್ಷಗಳ ಕಾಲಾವಕಾಶವಿದೆ. ಕೆಲಸದಿಂದ ತೆಗೆದ ವಿವಾದವನ್ನು ಸಂಧಾನಾಧಿಕಾರಿಯ ಮುಂದಿಟ್ಟು 45 ದಿನವಾದರೂ ಇತ್ಯರ್ಥವಾಗದಿದ್ದರೆ ಕಾರ್ಮಿಕ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಹಾಗೆ ಹೋಗಲು, ತೆಗೆದ ದಿನದಿಂದ ಲೆಕ್ಕ ಹಾಕುವ ಕಾಲಾವಕಾಶ ಮೊದಲು ಮೂರು ವರ್ಷವಿದ್ದದ್ದು ಈಗ ಎರಡಕ್ಕೆ ಇಳಿದಿದೆ.

ಅರ್ಜಿ ಬರೆಯುವಾಗ ಎದುರುದಾರರ ಜಾಗದಲ್ಲಿ ಗುತ್ತೇದಾರನ ಹೆಸರೊಂದನ್ನೇ ಬರೆದು ಕೊಡುವುದು ನಮ್ಮಲ್ಲಿ ಪದೇ ಪದೇ ಆಗುವ ತಪ್ಪು. ಟೆಂಡರು ಮುಗಿದ ಮೇಲೆ ಅವನು ಊರಿನಲ್ಲಿಯೇ ಇರುವುದಿಲ್ಲ, ನೋಟಿಸು ವಿಳಾಸದಾರ ಇಲ್ಲವೆಂದು ಮರಳಿ ಬರುತ್ತದೆ. ಒಂದನೆಯ ಎದುರುದಾರನಾಗಿ ಗುತ್ತೇದಾರನನ್ನೂ ಎರಡನೆಯವನಾಗಿ ಕಂಪನಿಯನ್ನೂ ಸೇರಿಸಬೇಕು. ಕಂಪನಿಯ ಸರಿಯಾದ ಹೆಸರು ಗೊತ್ತಿಲ್ಲ ಎನ್ನುವವರ ಕಿಸೆಯಲ್ಲಿ ಗೇಟ್‌ಪಾಸ್ ಇರುತ್ತದೆ. ಮೇಲಿನ ಸಾಲಿನಲ್ಲಿ ಇರುವುದು ಆ ಹೆಸರೇ.